ಬೆಳಗಿನ ಬಿಗಿತಕ್ಕೂ ಒಂದು ಗಡಿಯಾರವಿದೆ

ಆದೋನಿ, ಆಲೂರು, ಕೌತಾಳಂ ಕಡೆಯ ಹಳ್ಳಿಗಳಲ್ಲಿ ಹತ್ತಿ ಬಿಡಿಸುವ ಕಾಲ ಬಂದರೆ ಹೆಂಗಸರ ದಿನ ಕೋಳಿ ಕೂಗುವ ಹೊತ್ತಿಗೇ ಆರಂಭವಾಗುತ್ತದೆ. ಆದರೆ ಕೆಲವರಿಗೆ ಆ ಹೊತ್ತಿನಲ್ಲಿ ಬೆರಳುಗಳು ಮಡಿಯವು. ರೊಟ್ಟಿ ಬಡಿಯಲು ಕೈ ಬಾರದು. ಬಿಸಿಲೇರಿದಂತೆ ಕೈ ಸಡಿಲಗೊಂಡು ಮಧ್ಯಾಹ್ನಕ್ಕೆ ಅವರೇ ಹೊಲದಲ್ಲಿರುತ್ತಾರೆ. ‘ಬೆಳಿಗ್ಗೆ ಇಲ್ಲದ ಶಕ್ತಿ ಈಗೆಲ್ಲಿಂದ ಬಂತು?’ ಎಂದು ಮನೆಯವರು ಆಡಿಕೊಳ್ಳುವುದುಂಟು. ಅದು ಸೋಮಾರಿತನವಲ್ಲ, ನೆಪವೂ ಅಲ್ಲ. ರುಮಟಾಯ್ಡ್ ಸಂಧಿವಾತದ ಲಕ್ಷಣವಾಗಿರಬಹುದು.

ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದಾರಿತಪ್ಪಿ ಕೀಲುಗಳ ಒಳಪೊರೆಯ ಮೇಲೆ ಎರಗುವುದು ಈ ರೋಗದ ಮೂಲ. ಇದರಿಂದ ಹುಟ್ಟುವ ಉರಿಯೂತ ದಿನವಿಡೀ ಒಂದೇ ಸಮನಾಗಿರುವುದಿಲ್ಲ. ನಮ್ಮ ಜೀವಕೋಶಗಳೊಳಗೆ ಹಗಲಿರುಳನ್ನು ಎಣಿಸುವ ಗಡಿಯಾರವಿದೆ. ಅದು ನಡೆಯುವ ಬಗೆಯನ್ನು ಹಣ್ಣಿನ ನೊಣಗಳಲ್ಲಿ ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬ್ಯಾಶ್, ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಈ ರೋಗಿಗಳಲ್ಲಿ ರಾತ್ರಿಯ ಕೊನೆಯ ಜಾವಕ್ಕೆ ಇಂಟರ್‌ಲ್ಯೂಕಿನ್-6 ಮುಂತಾದ ಉರಿಯೂತಕಾರಕ ವಸ್ತುಗಳು ರಕ್ತದಲ್ಲಿ ಏರುತ್ತವೆ. ಅವನ್ನು ತಡೆಯುವ ಕಾರ್ಟಿಸಾಲ್ ಎಂಬ ಹಾರ್ಮೋನು ನಡುರಾತ್ರಿಯಲ್ಲಿ ತೀರ ಕಡಿಮೆಯಿದ್ದು ಬೆಳಗಿನ ಹೊತ್ತಿಗೆ ಏರಿದರೂ ಉರಿಯೂತದ ಪ್ರಮಾಣಕ್ಕೆ ಸಾಲದು. ಆದುದರಿಂದಲೇ ಎದ್ದ ಕೂಡಲೇ ಬಿಗಿತ ಹೆಚ್ಚು.

ಕೀಲು ಸವೆತದ ನೋವು ಬೇರೆ. ಅದರಲ್ಲಿ ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ. ದುಡಿದಷ್ಟೂ ನೋವು ಹೆಚ್ಚುತ್ತದೆ. ಉರಿಯೂತದ ಸಂಧಿವಾತದಲ್ಲಿ ಬಿಗಿತ ಒಂದು ಗಂಟೆಗೂ ಮೀರಿ ಉಳಿಯಬಹುದು. ಕೈಕಾಲು ಆಡಿಸಿದಂತೆ ತಗ್ಗುತ್ತದೆ.

ಈ ವ್ಯತ್ಯಾಸ ವೈದ್ಯರಿಗೆ ತಿಳಿಯಬೇಕಾದರೆ ಯಾರಾದರೂ ಹೇಳಬೇಕು. ಸಂಜೆಯ ಬಸ್ಸು ಹಿಡಿದು ಪೇಟೆಯ ಆಸ್ಪತ್ರೆಗೆ ಹೋಗುವ ವೇಳೆಗೆ ಬೆರಳುಗಳು ಸಡಿಲವಾಗಿರುತ್ತವೆ. ಅಲ್ಲಿ ಅಜ್ಜಿಯ ಕನ್ನಡವನ್ನು ತೆಲುಗಿಗೆ ತಿರುಗಿಸುವ ಕೆಲಸ ಅನೇಕ ವೇಳೆ ಶಾಲೆಗೆ ಹೋಗುವ ಮೊಮ್ಮಗಳದು. ಆಕೆ ‘ನೊಪ್ಪಿ’ ಎಂದಷ್ಟೇ ಹೇಳಿದರೆ ಅರ್ಧ ಮಾತು ಉಳಿದುಹೋಗುತ್ತದೆ. ಬೆರಳುಗಳು ‘ಬಿಗುಸುಕುಪೋಯಾಯಿ’ ಎಂದೂ, ಎಷ್ಟು ಹೊತ್ತಿನವರೆಗೆ ಎಂದೂ ಹೇಳಬೇಕು. ಬಿಗಿತಕ್ಕೆ ‘ತಿಮ್ಮಿರಿ’ ಎಂದುಬಿಟ್ಟರೆ ವೈದ್ಯರು ಜೋಮು ಎಂದು ತಿಳಿದು ನರದ ತೊಂದರೆಯನ್ನು ಹುಡುಕಿಯಾರು.

ಇದಕ್ಕೆ ಒಂದು ಹಳೆಯ ನೋಟುಬುಕ್ಕು ಸಾಕು. ಎರಡು ವಾರ, ಎದ್ದ ವೇಳೆ, ಕೈ ಸಡಿಲಾದ ವೇಳೆ, ಊದಿದ ಕೀಲು ಯಾವುದು, ಎರಡೂ ಕೈಗಳಲ್ಲಿ ಇದೆಯೇ ಎಂಬುದನ್ನು ಮಕ್ಕಳು ಬರೆದಿಡಲಿ. ಊತವಿರುವಾಗಲೇ ಫೋಟೊ ತೆಗೆದಿಟ್ಟರೆ ಇನ್ನೂ ಒಳ್ಳೆಯದು.

ತಡಮಾಡಬಾರದು. ಮೊದಲ ತಿಂಗಳುಗಳಲ್ಲೇ ಚಿಕಿತ್ಸೆ ಆರಂಭವಾದರೆ ಕೀಲುಗಳು ಸೊಟ್ಟಗಾಗದಂತೆ ಬಹುಮಟ್ಟಿಗೆ ತಡೆಯಬಹುದು. ನೋವಿನ ಮಾತ್ರೆ ನೋವನ್ನಷ್ಟೇ ತಗ್ಗಿಸುತ್ತದೆ. ವೈದ್ಯರ ಸಲಹೆಯಿಲ್ಲದೆ ಬಹುಕಾಲ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಕೇಡು. ಈ ರೋಗಕ್ಕೆ ಸಾಮಾನ್ಯವಾಗಿ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ವಾರಕ್ಕೆ ಒಂದು ದಿನ ಮಾತ್ರ ಸೇವಿಸಬೇಕು. ತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಚೀಟಿಯ ಮೇಲಿನ ಆ ಒಂದು ದಿನದ ಹೆಸರನ್ನು ಓದಿ, ಗೋಡೆಯ ಕ್ಯಾಲೆಂಡರಿನಲ್ಲಿ ಕನ್ನಡದಲ್ಲಿ ಗುರುತು ಹಾಕುವ ಹೊಣೆ ಮನೆಯ ವಿದ್ಯಾರ್ಥಿಯದಾಗಲಿ.