ಒಂದು ಗಿಟಾರ್, ಎರಡು ಆಂಪ್, ಮೂರು ಪಿನ್

ಸ್ಟೀರಿಯೋ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಇಯರ್‌ಫೋನ್. ಎಡಕಿವಿಗೊಂದು, ಬಲಕಿವಿಗೊಂದು. ಆದರೆ ಎಲೆಕ್ಟ್ರಿಕ್ ಗಿಟಾರಿನಿಂದ ಹೊರಗೆ ಬರೋದು ಒಂದೇ ಕೇಬಲ್, ಒಂದೇ ಸದ್ದು. ಅದನ್ನು ಎರಡು ಆಂಪ್‌ಗೆ ಹಂಚಿಬಿಟ್ಟರೆ ಸ್ಟೀರಿಯೋ ಆಗಿಬಿಡುತ್ತಾ? ಇಲ್ಲ. ಸದ್ದು ಜೋರಾಗುತ್ತೆ ಅಷ್ಟೇ.

ವಾರವಿಡೀ ಲ್ಯಾಪ್‌ಟಾಪ್ ಮುಂದೆ ಕೂತು ಶನಿವಾರ ಸಂಜೆ ಗಿಟಾರ್ ಹಿಡಿಯುವ ನನ್ನಂಥವರು ಬೆಂಗಳೂರಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಮೊದಲು ಒಂದು ಪುಟ್ಟ ಆಂಪ್, ಆಮೇಲೆ ಎರಡು ಪೆಡಲ್, ಸಂಬಳ ಏರಿದ ಮೇಲೆ ನಾಲ್ಕು. ಒಂದು ದಿನ ಊರು ಬಿಟ್ಟು ಹೊರಟ ಗೆಳೆಯ ತನ್ನ ಆಂಪನ್ನು ಅಗ್ಗಕ್ಕೆ ಕೊಟ್ಟು ಹೋಗ್ತಾನೆ. ಮನೆಯಲ್ಲಿ ಎರಡು ಆಂಪ್ ಆದವು ಅಂದಮೇಲೆ ಕೈ ಸುಮ್ಮನಿರಲ್ಲ. ಈ ಬರಹ ಅಂಥವರಿಗಾಗಿ.

ಎರಡು ಕಿವಿಯ ಲೆಕ್ಕ

ಬಲಗಡೆಯಿಂದ ಬಂದ ಸದ್ದು ಬಲಕಿವಿಗೆ ಮೊದಲು ಮುಟ್ಟುತ್ತೆ, ಎಡಕಿವಿಗೆ ಚೂರು ತಡ. ಆ ತಡ ಹೆಚ್ಚೆಂದರೆ ಒಂದು ಮಿಲಿಸೆಕೆಂಡಿನ ಮುಕ್ಕಾಲು ಪಾಲಿನೊಳಗೆ. ಅಷ್ಟರಲ್ಲೇ ಮಿದುಳು ಸದ್ದು ಎಲ್ಲಿಂದ ಬಂತು ಅಂತ ಲೆಕ್ಕ ಹಾಕಿರುತ್ತೆ. ಎರಡೂ ಕಡೆಯಿಂದ ಒಂದೇ ಸದ್ದು ಒಂದೇ ಹೊತ್ತಿಗೆ ಬಂದರೆ? ಅದು ನಟ್ಟನಡುವೆ ನಿಂತುಬಿಡುತ್ತೆ. ಅಗಲ ಬೇಕೆಂದರೆ ಎಡಕ್ಕೂ ಬಲಕ್ಕೂ ಏನಾದರೂ ವ್ಯತ್ಯಾಸ ಇರಲೇಬೇಕು. ಇಂಗ್ಲೆಂಡಿನ ಎಂಜಿನಿಯರ್ ಅಲನ್ ಬ್ಲೂಮ್‌ಲೈನ್ 1931ರಷ್ಟು ಹಿಂದೆಯೇ ಎರಡು ಚಾನೆಲ್‌ಗಳ ಧ್ವನಿಗೆ ಪೇಟೆಂಟ್ ಅರ್ಜಿ ಹಾಕಿದ್ದರ ಹಿಂದೆ ಇದ್ದದ್ದೂ ಎರಡು ಕಿವಿಯ ಇದೇ ಲೆಕ್ಕ.

ಗಿಟಾರಿನ ಲೋಕದಲ್ಲಿ ಇದರ ಒಳ್ಳೆಯ ಉದಾಹರಣೆ ಜಪಾನಿನ ರೋಲ್ಯಾಂಡ್ ಕಂಪನಿ 1975ರಲ್ಲಿ ತಂದ ಜೆಸಿ-120. ನೋಡೋಕೆ ಒಂದೇ ಆಂಪ್. ಒಳಗೆ 60 ವ್ಯಾಟ್‌ನ ಎರಡು ಪವರ್ ಆಂಪ್, 12 ಇಂಚಿನ ಎರಡು ಸ್ಪೀಕರ್. ಕೋರಸ್ ಹಾಕಿದಾಗ ಒಂದು ಸ್ಪೀಕರ್ ಗಿಟಾರಿನ ಸದ್ದನ್ನು ಇದ್ದ ಹಾಗೇ ನುಡಿಸುತ್ತೆ. ಇನ್ನೊಂದು ಅದೇ ಸದ್ದನ್ನು ತುಸು ತಡ ಮಾಡಿ, ಶ್ರುತಿಯನ್ನು ಮೆಲ್ಲಗೆ ಅಲುಗಿಸಿ ನುಡಿಸುತ್ತೆ. ಇವೆರಡೂ ಬೆರೆಯೋದು ತಂತಿಯೊಳಗಲ್ಲ, ಕೋಣೆಯ ಗಾಳಿಯಲ್ಲಿ. ನಾವು ಎರಡು ಆಂಪ್ ಇಟ್ಟು ಮಾಡಹೊರಟಿರೋದೂ ಇದನ್ನೇ.

ಪೆಡಲ್‌ಗಳ ಸಾಲು

ಸೂತ್ರ ಸರಳ: ಮೊದಲು ಮೋನೋ, ಕೊನೆಗೆ ಸ್ಟೀರಿಯೋ. ಗಿಟಾರಿನಿಂದ ಟ್ಯೂನರ್, ವಾವಾ, ಕಂಪ್ರೆಸರ್, ಓವರ್‌ಡ್ರೈವ್. ಇವಿಷ್ಟೂ ಒಂದೇ ಸಾಲಿನಲ್ಲಿ ಇರಲಿ. ಆಮೇಲೆ ಬರುವ ಕೋರಸ್, ಡಿಲೇ, ರಿವರ್ಬ್ ಪೆಡಲ್‌ಗಳಲ್ಲಿ ಎರಡು ಔಟ್‌ಪುಟ್ ಇರುವಂಥದ್ದನ್ನು ಆರಿಸಿ. ಸದ್ದು ಎರಡಾಗಿ ಒಡೆಯೋದು ಅಲ್ಲಿಂದ. ಒಮ್ಮೆ ಒಡೆದ ಮೇಲೆ ಮುಂದಿನ ಪೆಡಲ್‌ಗೆ ಎರಡು ಇನ್‌ಪುಟ್ ಕೂಡ ಬೇಕು. ನಡುವೆ ಒಂದು ಮೋನೋ ಪೆಡಲ್ ಹೊಕ್ಕರೆ ಅಷ್ಟು ಹೊತ್ತು ಕಟ್ಟಿದ ಅಗಲವೆಲ್ಲ ಮತ್ತೆ ಒಂದೇ ಸಾಲಿಗೆ ಬಂತು ಅಂತಲೇ ಲೆಕ್ಕ.

ಸ್ಟೀರಿಯೋ ಪೆಡಲ್ ಕೈಯಲ್ಲಿಲ್ಲವಾ? ಆಗ ಎಬಿವೈ ಡಬ್ಬಿ ಸಾಕು. ಒಂದು ದಾರಿ ಎರಡಾಗುತ್ತೆ. ಒಂದು ಆಂಪ್‌ಗೆ ಗಿಟಾರ್ ನೇರವಾಗಿ ಹೋಗಲಿ, ಇನ್ನೊಂದರ ದಾರಿಯಲ್ಲಿ ಮಾತ್ರ ಡಿಲೇ ಇರಲಿ. ಒಂದು ಕಡೆ ಒಣ ಸದ್ದು, ಇನ್ನೊಂದು ಕಡೆ ಒದ್ದೆ ಸದ್ದು. ಅಂಗೈಯಗಲದ ಖರ್ಚಿನಲ್ಲಿ ದೊಡ್ಡ ಕೋಣೆ ಸಿಕ್ಕ ಹಾಗಿರುತ್ತೆ.

ಡಿಲೇ ಇಡೋಕೆ ಒಂದು ಲೆಕ್ಕ ಹೇಳ್ತೀನಿ. ನಿಮಿಷಕ್ಕೆ 120 ಬೀಟ್‌ನ ಹಾಡಾದರೆ ಒಂದು ಬೀಟ್ ಅಂದರೆ 500 ಮಿಲಿಸೆಕೆಂಡ್. ಎಡಕ್ಕೆ 500, ಬಲಕ್ಕೆ ಅದರ ಮುಕ್ಕಾಲು, ಅಂದರೆ 375 ಇಡಿ. ಮರುದನಿಗಳು ಒಂದರ ಬಾಲ ಒಂದು ಹಿಡಿದು ಓಡುತ್ತವೆ.

ಗುಂಯ್ ಅನ್ನೋ ಅತಿಥಿ

ಎಲ್ಲ ಜೋಡಿಸಿ ಎರಡೂ ಆಂಪ್ ಆನ್ ಮಾಡ್ತೀರಿ. ಗಿಟಾರ್ ಮುಟ್ಟುವ ಮೊದಲೇ ಗುಂಯ್ ಅಂತ ಜೇನುಗೂಡು ಕಟ್ಟಿದ ಹಾಗೆ ಸದ್ದು. ಇದು ಪೆಡಲ್ ಕೆಟ್ಟದ್ದಲ್ಲ, ಆಂಪ್ ಹಳತಾದದ್ದೂ ಅಲ್ಲ. ಇದರ ಹೆಸರು ಗ್ರೌಂಡ್ ಲೂಪ್.

ಎರಡು ಆಂಪ್‌ಗೂ ಗೋಡೆಯ ಸಾಕೆಟ್ಟಿನ ಮೂಲಕ ಅರ್ತ್ ಇದೆ. ನಾವು ಪೆಡಲ್ ಕಡೆಯಿಂದ ಎರಡಕ್ಕೂ ಕೇಬಲ್ ಕೊಟ್ಟಾಗ, ಆ ಕೇಬಲ್ಲಿನ ಹೊರಕವಚದ ತಂತಿ ಎರಡು ಆಂಪ್‌ಗಳ ಅರ್ತನ್ನೂ ಇನ್ನೊಂದು ಕಡೆಯಿಂದ ಬೆಸೆಯುತ್ತೆ. ಅಲ್ಲಿಗೆ ಒಂದು ಉಂಗುರ ಪೂರ್ತಿಯಾಯ್ತು. ನಮ್ಮ ಮನೆಯ ಕರೆಂಟ್ ಸೆಕೆಂಡಿಗೆ 50 ಸಲ ಆಡುತ್ತೆ. ಆ ಆಟವನ್ನು ಈ ಉಂಗುರ ಹಿಡಿದುಕೊಂಡು ಸ್ಪೀಕರಿಗೆ ಕೊಡುತ್ತೆ.

ಮೊದಲ ಮದ್ದು: ಎರಡೂ ಆಂಪ್, ಪೆಡಲ್‌ನ ಅಡಾಪ್ಟರ್, ಮೂರನ್ನೂ ಒಂದೇ ಸಾಕೆಟ್ಟಿನ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಮೂರು ಫೇಸ್ ಇರುವ ಮನೆಗಳಲ್ಲಿ ಎರಡು ಕೋಣೆಯ ಸಾಕೆಟ್‌ಗಳು ಬೇರೆ ಬೇರೆ ಫೇಸಿನಲ್ಲಿರಬಹುದು. ಎರಡು ಫೇಸ್ ನಡುವೆ ಸುಮಾರು 400 ವೋಲ್ಟ್ ಇರುತ್ತೆ, ಹಾಗಾಗಿ ಈ ಅಭ್ಯಾಸ ಜೀವಕ್ಕೂ ಒಳ್ಳೇದು. ಎರಡನೇ ಮದ್ದು: ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇರುವ ಎಬಿವೈ ಡಬ್ಬಿ. ಸ್ಟೀರಿಯೋ ಪೆಡಲ್ ಆದರೆ ಒಂದು ಔಟ್‌ಪುಟ್ಟಿನ ದಾರಿಯಲ್ಲಿ ಅಂಥದ್ದೇ ಪುಟ್ಟ ಡಬ್ಬಿ. ಸದ್ದು ಅಲ್ಲಿ ತಂತಿಯ ಬದಲು ಅಯಸ್ಕಾಂತದ ಮೂಲಕ ದಾಟುತ್ತೆ, ಉಂಗುರ ಕಡಿಯುತ್ತೆ. ಗಿಟಾರಿಗೆ ಇನ್ನೊಂದು ಆಂಪಿನ ಅರ್ತ್ ಇದ್ದೇ ಇರುತ್ತೆ.

ಆ ಮೂರನೇ ಪಿನ್

ಇನ್ನೊಂದು ‘ಮದ್ದು’ ಇದೆ. ಅಭ್ಯಾಸದ ಕೋಣೆಯಲ್ಲಿ ನನಗೂ ಒಬ್ಬರು ಹೇಳಿದ್ದರು. ‘ಅರ್ತ್ ಪಿನ್ ಕಿತ್ತುಹಾಕು ಮಾರಾಯ, ಒಂದೇ ನಿಮಿಷದ ಕೆಲಸ, ಗುಂಯ್ ಅನ್ನೋದು ನಿಂತೇ ಹೋಗುತ್ತೆ.’ ನಿಲ್ಲುತ್ತೆ, ಸುಳ್ಳಲ್ಲ. ಆದರೆ ದಯವಿಟ್ಟು ಮಾಡ್ಬೇಡಿ.

ಗಿಟಾರಿನ ತಂತಿಗಳು ಬ್ರಿಜ್ ಮೂಲಕ, ಕೇಬಲ್ ಮೂಲಕ ಆಂಪಿನ ಲೋಹದ ಚೌಕಟ್ಟಿಗೆ ಸೇರಿಕೊಂಡಿರುತ್ತವೆ. ಆಂಪಿನೊಳಗೆ ಎಲ್ಲೋ ಇನ್ಸುಲೇಷನ್ ಸವೆದು ಕರೆಂಟ್ ಚೌಕಟ್ಟಿಗೆ ತಗುಲಿದರೆ, ಅರ್ತ್ ಇದ್ದಾಗ ಅದು ನೆಲಕ್ಕೆ ಹೋಗುತ್ತೆ, ಫ್ಯೂಸ್ ಹಾರುತ್ತೆ. ಅರ್ತ್ ಇಲ್ಲದಿದ್ದರೆ ನಿಮ್ಮ ಬೆರಳಡಿಯ ಆರು ತಂತಿಯಲ್ಲೂ 230 ವೋಲ್ಟ್ ಕಾದಿರುತ್ತೆ. ನೀವು ಹಾಡೋಕೆ ಅಂತ ಮೈಕ್ ಮುಟ್ಟಿದರೆ ಸಾಕು. 1972ರಲ್ಲಿ ಸ್ಟೋನ್ ದ ಕ್ರೋಸ್ ಬ್ಯಾಂಡಿನ ಗಿಟಾರ್ ವಾದಕ ಲೆಸ್ಲಿ ಹಾರ್ವಿ, ವೇಲ್ಸ್‌ನ ಸ್ವಾನ್ಸಿಯಲ್ಲಿ ವೇದಿಕೆಯ ಮೇಲೆಯೇ ಹೀಗೆ ಮೈಕಿನಿಂದ ಶಾಕ್ ಹೊಡೆದು ತೀರಿಕೊಂಡರು. ಅಲ್ಲಿ ಅರ್ತ್ ಸರಿ ಇರಲಿಲ್ಲ.

ಪಿನ್ ಇದ್ದ ಮಾತ್ರಕ್ಕೆ ಅರ್ತ್ ಇದೆ ಅಂತಲೂ ಅಲ್ಲ. ಬಾಡಿಗೆಮನೆಗೆ ಬಂದಾಗ ಆಂಪ್ ಇಡುವ ಮೂಲೆಯ ಸಾಕೆಟ್ಟನ್ನು ಎಲೆಕ್ಟ್ರಿಷಿಯನ್‌ಗೆ ತೋರಿಸಿದೆ. ಮುಚ್ಚಳ ಬಿಚ್ಚಿ ನೋಡಿ ಆತ ನಕ್ಕರು. ‘ಸಾರ್, ತೂತು ಮೂರಿದೆ, ವೈರ್ ಎರಡೇ.’ ಹೊಸ ವೈರ್ ಎಳೆಸೋಕೆ ಅರ್ಧ ದಿನ ಹಿಡೀತು. ಜೊತೆಗೆ 30 ಮಿಲಿಆಂಪ್‌ನ ಆರ್‌ಸಿಸಿಬಿಯನ್ನೂ ಹಾಕಿಸಿದೆ. ಮಾಮೂಲಿ ಎಂಸಿಬಿ ಕಾಯೋದು ವೈರನ್ನು; ಮನುಷ್ಯನನ್ನು ಕಾಯೋದು ಇದು. ಮನೆಯವರು ಓನರ್ ಹತ್ತಿರ ಅರ್ಧ ಖರ್ಚು ಕೇಳಿ ಅಂದರು. ಕೇಳಿದೆ, ಬರಲಿಲ್ಲ. ಆದರೂ ನಾಲ್ಕು ವರ್ಷದ ಮಗಳು ಬಂದು ತಂತಿ ಮೀಟುವಾಗ ಆ ದುಡ್ಡು ಹೆಚ್ಚು ಅಂತ ನನಗೆ ಅನ್ನಿಸೋದಿಲ್ಲ.

ಒಂದನ್ನೊಂದು ತಿನ್ನುವ ಆಂಪ್‌ಗಳು

ಎರಡೂ ಆಂಪ್‌ಗೆ ಒಂದೇ ಒಣ ಸದ್ದು ಕೊಟ್ಟು ದಪ್ಪ ತಂತಿಯನ್ನು ಮೀಟಿ. ಒಂದೇ ಆಂಪ್ ಇದ್ದಾಗಿನದಕ್ಕಿಂತ ಸದ್ದು ತೆಳ್ಳಗಾಯ್ತಾ? ಹಾಗಿದ್ದರೆ ಒಂದು ಸ್ಪೀಕರ್ ಹೊರಕ್ಕೆ ತಳ್ಳುವಾಗ ಇನ್ನೊಂದು ಒಳಕ್ಕೆ ಎಳೀತಿದೆ. ಬೇರೆ ಬೇರೆ ಮಾದರಿಯ ಆಂಪ್‌ಗಳಲ್ಲಿ ಇದು ಸಾಮಾನ್ಯ. ಒಳ್ಳೆಯ ಎಬಿವೈ ಡಬ್ಬಿಗಳಲ್ಲಿ ಇದನ್ನು ತಿರುಗಿಸುವ ಸ್ವಿಚ್ ಇರುತ್ತೆ, ಒತ್ತಿ ನೋಡಿ; ಎದೆಗೆ ತಾಗುವ ದಪ್ಪ ಸದ್ದು ವಾಪಸ್ ಬರುತ್ತೆ. ಸ್ವಿಚ್ ಇಲ್ಲದಿದ್ದರೆ ಒಂದು ಆಂಪಿನ ಸ್ಪೀಕರ್ ವೈರ್‌ಗಳನ್ನು ಅದಲುಬದಲು ಮಾಡಿಸಬೇಕು. ವಾಲ್ವ್ ಆಂಪ್ ಆದರೆ ಅದನ್ನು ಮೆಕ್ಯಾನಿಕ್‌ಗೇ ಬಿಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯದಷ್ಟು ವೋಲ್ಟೇಜ್ ಉಳಿದಿರುತ್ತೆ.

ಜಾಗ ಮತ್ತು ಪಕ್ಕದ ಮನೆ

ನೀವು, ಎಡ ಆಂಪ್, ಬಲ ಆಂಪ್ ಸಮತ್ರಿಕೋನದ ಮೂರು ಮೂಲೆಗಳಾಗಿ. ಹತ್ತಡಿ ಕೋಣೆಯಲ್ಲಿ ಒಂದೂವರೆ ಮೀಟರ್ ಅಂತರ ಸಾಕು. ಆಂಪನ್ನು ನೆಲದ ಮೇಲಿಡದೆ ಗಟ್ಟಿ ಸ್ಟೂಲಿನ ಮೇಲಿಟ್ಟು ಕಿವಿಯತ್ತ ವಾಲಿಸಿ. ಎರಡರ ವಾಲ್ಯೂಮ್ ಹೊಂದಿಸುವಾಗ ಗುಂಡಿಯ ಅಂಕಿ ನೋಡ್ಬೇಡಿ. ಕಣ್ಣು ಮುಚ್ಚಿ, ಸದ್ದು ನಟ್ಟನಡುವೆ ಬರೋ ತನಕ ತಿರುಗಿಸಿ. ಗುಂಡಿ 3ರಲ್ಲೊಂದು, 5ರಲ್ಲೊಂದು ನಿಂತರೂ ಪರವಾಗಿಲ್ಲ.

ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಅನ್ನೋದು ಕಾನೂನಿನ ಮಿತಿ. ಸ್ಟೀರಿಯೋದ ಸುಖ ಇರೋದು ಅಗಲದಲ್ಲಿ, ಅಬ್ಬರದಲ್ಲಲ್ಲ. ಮಾತಾಡುವಷ್ಟು ಸದ್ದಿನಲ್ಲೂ ಕೋರಸ್ ಗೋಡೆಯಿಂದ ಗೋಡೆಗೆ ಹರಡಿಕೊಳ್ಳುತ್ತೆ. ಪಬ್ಬಿನಲ್ಲಿ ನುಡಿಸುವವರಿಗೆ ಒಂದು ಕಿವಿಮಾತು: ಎಡಗಡೆಯ ಟೇಬಲ್‌ನವರಿಗೆ ಎಡ ಆಂಪ್ ಮಾತ್ರ ಕೇಳಿಸಬಹುದು. ಆದ್ದರಿಂದ ಹಾಡಿನ ಮುಖ್ಯ ಸಾಲು ಎರಡೂ ಕಡೆ ಇರಲಿ, ಅಲಂಕಾರ ಮಾತ್ರ ಹಂಚಿಹೋಗಲಿ.

ಎರಡನೇ ಆಂಪಿಗೆ ಹಣ ಕೂಡಿಡ್ತಾ ಇದ್ದೀರಾ? ಅದರಲ್ಲಿ ಚೂರು ತೆಗೆದು ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಸಿ, ಸಾಕೆಟ್ ಬಿಚ್ಚಿಸಿ ನೋಡಿ. ಮೂರನೇ ವೈರ್ ಕಂಡರೆ ಸರಿ, ಮಿಕ್ಕಿದ್ದೆಲ್ಲ ಶನಿವಾರ ಸಂಜೆಯ ಆಟ.