ಬೋರಿನ ಬಾಯಿಗೆ ಡ್ರಮ್ಮು ಇಟ್ಟು ನೋಡಿದೆ

ಎರಡೂವರೆ ಎಕರೆಗೆ ಮೂರು ಬೋರು ಕೊರೆಸಿದವನು ನಾನು. ಊರು ದೊಡ್ಡಬಳ್ಳಾಪುರ ತಾಲ್ಲೂಕಿನದು. ಮೊದಲನೆಯದು 300 ಅಡಿ. ಕೆಲವು ವರ್ಷ ನೀರು ಕೊಟ್ಟು ಬತ್ತಿತು. ಎರಡನೆಯದರಲ್ಲಿ 850 ಅಡಿಗೂ ಬರೀ ಧೂಳು. 2016ರಲ್ಲಿ ಮೂರನೆಯದಕ್ಕೆ 1,100 ಅಡಿಯಲ್ಲಿ ನೀರು ಸಿಕ್ಕಿತು. ಅದಕ್ಕಾಗಿ ಮನೆಯವಳ ಒಡವೆ ಗಿರವಿಗೆ ಹೋಯಿತು. "ಇನ್ನೊಂದು ಬೋರು ಅಂದ್ರೆ ನಾನು ಒಪ್ಪಲ್ಲ" ಅಂದಳು. ಅಲ್ಲಿಂದ ನನ್ನ ಲೆಕ್ಕ ಶುರುವಾಯಿತು.

ಖರ್ಚೆಷ್ಟು, ಜಮೆಯೆಷ್ಟು?

ಪಂಪ್‌ಸೆಟ್ಟಿನ ಕರೆಂಟಿಗೆ ನಮಗೆ ಬಿಲ್ಲಿಲ್ಲ. ಹಾಗಾಗಿ ಎಷ್ಟು ನೀರು ಎತ್ತುತ್ತೇವೆ ಅನ್ನೋದೇ ಗೊತ್ತಿರುವುದಿಲ್ಲ. ಬೋರಿನ ಬಾಯಿಗೆ 200 ಲೀಟರ್ ಡ್ರಮ್ಮು ಇಟ್ಟೆ. 4 ನಿಮಿಷಕ್ಕೆ ತುಂಬಿತು. ಅಂದರೆ ಗಂಟೆಗೆ 3,000 ಲೀಟರ್. ದಿನಕ್ಕೆ 7 ಗಂಟೆಯಂತೆ ವರ್ಷಕ್ಕೆ 200 ದಿನ ಓಡಿಸುತ್ತಿದ್ದೆ. ಒಟ್ಟು 42 ಲಕ್ಷ ಲೀಟರ್!

ಇನ್ನು ಜಮೆ. ನಮ್ಮ ಕಡೆ ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆ. ಒಂದು ಎಕರೆಗೆ 1 ಮಿ.ಮೀ. ಮಳೆ ಬಿದ್ದರೆ 4,000 ಲೀಟರ್ ಚಿಲ್ಲರೆ. ನನ್ನ ಎರಡೂವರೆ ಎಕರೆಗೆ ಬೀಳುವುದು 80 ಲಕ್ಷ ಲೀಟರ್. ಆದರೆ ನಮ್ಮದು ಕೆಳಗೆಲ್ಲ ಬಂಡೆ. ಹತ್ತರಲ್ಲಿ ಒಂದು ಪಾಲು ಬಿರುಕಿಗೆ ಇಳಿದರೆ ಅದೇ ಹೆಚ್ಚು. ಅಂದರೆ 8 ಲಕ್ಷ. ನಾನು ಎತ್ತುತ್ತಿದ್ದುದು ಅದರ ಐದು ಪಟ್ಟು. ಮಿಕ್ಕಿದ್ದು ಪಕ್ಕದ ಹೊಲದ್ದು, ಕೆರೆಯದ್ದು, ಎಂದೋ ಬಿದ್ದ ಮಳೆಯದ್ದು.

ಹೊಳೆ ಒಣಗಿದ್ದೇಕೆ?

ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ನಮ್ಮ ತಾಲ್ಲೂಕಿನ ಮೇಲೇ ಹೆಸರಘಟ್ಟಕ್ಕೆ ಹೋಗುತ್ತದೆ. 1890ರ ದಶಕದಲ್ಲಿ ಬೆಂಗಳೂರಿಗೆ ಕೊಳಾಯಿ ನೀರು ಬಂದದ್ದು ಅಲ್ಲಿಂದಲೇ. ಮುಂದೆ ಈ ಹೊಳೆ ಒಣಗಿದಾಗ ಮಳೆ ಕಮ್ಮಿಯಾಯಿತು ಅಂತ ನಾವೆಲ್ಲ ದೂರಿದೆವು. ಆದರೆ ಬೆಂಗಳೂರಿನ ಏಟ್ರೀ ಸಂಸ್ಥೆಯವರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಳೆಯ ತಪ್ಪು ಕಾಣಲಿಲ್ಲ. ಅವರು ಬೊಟ್ಟು ಮಾಡಿದ್ದು ಮುಖ್ಯವಾಗಿ ಬೋರುಗಳ ಕಡೆಗೆ, ನೀಲಗಿರಿ ತೋಪುಗಳ ಕಡೆಗೆ. ಸ್ವಲ್ಪ ಮಟ್ಟಿಗೆ ಹಳ್ಳಗಳಿಗೆ ಹಾಕಿದ ಅಡ್ಡಗಟ್ಟೆಗಳ ಕಡೆಗೆ.

ಈ ಕೊನೆಯ ಮಾತು ಗಮನಿಸಿ. ಕೃಷಿಹೊಂಡ ನಾನೂ ತೋಡಿಸಿದ್ದೇನೆ. ಮೇಲೆ 10 ಮೀಟರ್ ಚೌಕ, ತಳದಲ್ಲಿ 4 ಮೀಟರ್, ಆಳ 3 ಮೀಟರ್. ಒಮ್ಮೆ ತುಂಬಿದರೆ ಒಂದೂವರೆ ಲಕ್ಷ ಲೀಟರ್. ಅದು ಕೆರೆಗೆ ಹೋಗಬೇಕಿದ್ದ ನೀರೇ ತಾನೆ? ಬೋರನ್ನು ಮೊದಲಿನಂತೆಯೇ ಓಡಿಸುತ್ತಾ ಹೊಂಡವನ್ನೂ ತೋಡಿದರೆ ಕೆಳಗಿನವನ ಪಾಲನ್ನು ಎರಡು ಕೈಯಲ್ಲಿ ಬಾಚಿದಂತೆ. ಮೊದಲು ಖರ್ಚು ಇಳಿಸಬೇಕು, ಆಮೇಲೆ ಜಮೆಯ ಮಾತು.

ಮಾಡಿದ್ದಿಷ್ಟು

ಹಿಪ್ಪುನೇರಳೆಗೆ ಸಾಲಿನಲ್ಲಿ ನೀರು ಹಾಯಿಸೋದು ಬಿಟ್ಟು ಒಂದು ಎಕರೆಗೆ ಮಾತ್ರ ಡ್ರಿಪ್ ಮಾಡಿದೆ. ಬುಡಕ್ಕೆ ಸೊಪ್ಪುಸದೆ ಹೊದಿಸಿದೆ. ಅರ್ಧ ಎಕರೆ ನೀಲಗಿರಿ ಕಡಿಸಿ, ಮತ್ತೆ ಚಿಗುರದಂತೆ ಬೊಡ್ಡೆಗಳನ್ನೂ ಕೀಳಿಸಿದೆ. (ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿದೆ.) ಉಳಿದ ನೆಲಕ್ಕೆ ಮಳೆಯಾಶ್ರಿತ ರಾಗಿ, ಅವರೆ. ಈಗ ಮೋಟರು ದಿನಕ್ಕೆ 3 ಗಂಟೆ ಓಡುತ್ತದೆ. ವರ್ಷಕ್ಕೆ 18 ಲಕ್ಷ ಲೀಟರ್. ಸೊಪ್ಪು ಕಮ್ಮಿ, ಹುಳು ಮೇಯಿಸೋದೂ ಕಮ್ಮಿ. ಆದರೆ ರಾಗಿಗೆ ಸಾಲ ಬೇಕಿಲ್ಲ. ಜಮೆಗಿಂತ ಖರ್ಚು ಇನ್ನೂ ಎರಡು ಪಟ್ಟು ಮೇಲಿದೆ, ಮುಚ್ಚಿಡುವುದಿಲ್ಲ.

ಒಬ್ಬನಿಂದ ಆಗದು

ಹಿಂದೆ ಕೆರೆಯಲ್ಲಿರುವ ನೀರು ನೋಡಿ ಅಚ್ಚುಕಟ್ಟಿಗೆ ಭತ್ತವೋ ರಾಗಿಯೋ ಅಂತ ಹಿರಿಯರು ತೀರ್ಮಾನಿಸುತ್ತಿದ್ದರು; ತೂಬು ತೆಗೆದು ಹಂಚುವುದು ನೀರುಗಂಟಿಯ ಕೆಲಸ. ಬೋರು ಬಂದ ಮೇಲೆ ಪ್ರತಿಯೊಬ್ಬನೂ ತನ್ನ ತೂಬಿಗೆ ತಾನೇ ನೀರುಗಂಟಿ. ನಾನು ಮೋಟರು ನಿಲ್ಲಿಸಿ ಉಳಿಸಿದ ನೀರನ್ನು ಪಕ್ಕದವನು ಎತ್ತಬಹುದು. ಅದಕ್ಕೇ ಪಕ್ಕದ ಮೂವರಿಗೆ ಡ್ರಮ್ಮಿನ ಲೆಕ್ಕ ತೋರಿಸಿದೆ. ಇಬ್ಬರು ಹೊಸ ಬೋರು ಕೊರೆಸೋದಿಲ್ಲ ಅಂತ ಒಪ್ಪಿದರು. ಮೂರನೆಯವರು, "ನೀನು ಬಿಟ್ಟರೆ ನನಗೇ ಒಳ್ಳೇದಾಯ್ತಲ್ಲಪ್ಪ" ಅಂತ ನಕ್ಕರು. ಅವರನ್ನು ಇನ್ನೂ ಕೇಳುತ್ತಲೇ ಇದ್ದೇನೆ.

ನೀವೂ ಒಮ್ಮೆ ಡ್ರಮ್ಮು ಇಟ್ಟು ನೋಡಿ. ಒಂದು ಗಡಿಯಾರ, ಒಂದು ನೋಟ್‌ಬುಕ್ಕು ಸಾಕು. ಮುಂದಿನ ಬೋರಿಗೆ ಪಾಯಿಂಟು ತೋರಿಸುವವರನ್ನು ಕರೆಸುವ ಮೊದಲೇ ನೋಡಿ.