ಮೂರು ಪೀಸ್‌ಗಳ ಆಚೆಗೆ ಅರವತ್ತು ಅಂಕ

ಪರೀಕ್ಷಕರು ಪಿಯಾನೊ ಮೇಲೆ ಒಂದು ಹಾಳೆ ಇಟ್ಟು, ಅರ್ಧ ನಿಮಿಷ ನೋಡಿಕೊ ಅನ್ನುತ್ತಾರೆ. ಮಗು ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಹಾಳೆಯನ್ನೇ ದಿಟ್ಟಿಸುತ್ತಾ ಕೂರುತ್ತದೆ. ಅರ್ಧ ನಿಮಿಷ ಹಾಗೇ ಕಳೆದುಹೋಗುತ್ತದೆ. ಆ ಹೊತ್ತಿನಲ್ಲಿ ಹಾಳೆಯ ಯಾವ ಭಾಗವನ್ನು ಬೇಕಾದರೂ ನುಡಿಸಿ ನೋಡಬಹುದು ಎಂದು ನಿಯಮದಲ್ಲೇ ಇದೆ. ನನ್ನ ಮಗಳು ಮೊದಲ ಗ್ರೇಡ್‌ಗೆ ಕೂತಾಗ ಅವಳಿಗೆ ಇದು ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಇಡೀ ವರ್ಷ ಮನೆಯಲ್ಲಿ ಕೇಳಿಸಿದ್ದು ಪರೀಕ್ಷೆಗೆಂದು ಆರಿಸಿದ ಅವೇ ಮೂರು ಪೀಸ್‌ಗಳು. ಅಡುಗೆಮನೆಯಲ್ಲಿದ್ದ ನಮ್ಮ ಅತ್ತೆಗೂ ಅವು ಬಾಯಿಪಾಠವಾಗಿದ್ದವು. ನಾಲ್ಕನೆಯದೊಂದು ಹಾಳೆಯನ್ನು ಅವಳು ತೆರೆದೇ ಇರಲಿಲ್ಲ.

ಅವಳು ಬರೆದದ್ದು ಎಬಿಆರ್‌ಎಸ್‌ಎಂ ಪರೀಕ್ಷೆ. ಲಂಡನ್ನಿನ ರಾಯಲ್ ಅಕಾಡೆಮಿ ಮತ್ತು ರಾಯಲ್ ಕಾಲೇಜು ಎಂಬ ಎರಡು ಸಂಗೀತ ಸಂಸ್ಥೆಗಳು ಕೈಜೋಡಿಸಿ 1889ರಲ್ಲಿ ಶುರು ಮಾಡಿದ ಮಂಡಳಿ ಅದು. ಬೆಂಗಳೂರಿನಲ್ಲಿ ಪಿಯಾನೊ ಕಲಿಯುವ ಮಕ್ಕಳ ಮನೆಗಳಲ್ಲಿ ಈ ಹೆಸರು, ಇಲ್ಲವೇ ಇಂಥದ್ದೇ ಇನ್ನೊಂದು ಮಂಡಳಿಯಾದ ಟ್ರಿನಿಟಿಯ ಹೆಸರು, ಶಾಲೆಯ ಹೆಸರಿನಷ್ಟೇ ಸಲೀಸಾಗಿ ಓಡಾಡುತ್ತದೆ. ಪ್ರಾಕ್ಟಿಕಲ್ ಪರೀಕ್ಷೆಗೆ ಒಟ್ಟು 150 ಅಂಕ. ಮೂರು ಪೀಸ್‌ಗಳಿಗೆ ತಲಾ 30, ಸ್ಕೇಲ್‌ಗಳಿಗೆ 21, ಮೊದಲು ನೋಡಿರದ ಹಾಳೆ ನುಡಿಸುವ ಸೈಟ್ ರೀಡಿಂಗ್‌ಗೆ 21, ಕಿವಿಯಿಂದ ಕೇಳಿ ಉತ್ತರಿಸುವ ಆರಲ್ ಟೆಸ್ಟ್‌ಗೆ 18. ಪಾಸಾಗಲು 100 ಬೇಕು, ಮೆರಿಟ್‌ಗೆ 120, ಡಿಸ್ಟಿಂಕ್ಷನ್‌ಗೆ 130. ಅಂದರೆ 60 ಅಂಕ ಪೀಸ್‌ಗಳ ಹೊರಗಿದೆ. ನಾನು ಅಂಕಕ್ಕಾಗಿ ಈ ಲೆಕ್ಕ ಹೇಳುತ್ತಿಲ್ಲ. ಮಗು ನಾಳೆ ಯಾರ ಸಹಾಯವೂ ಇಲ್ಲದೆ ಒಂದು ಹೊಸ ಪುಸ್ತಕ ತೆರೆದು ನುಡಿಸಿಕೊಳ್ಳಬಲ್ಲದೇ ಎಂಬುದು ತೀರ್ಮಾನವಾಗುವುದು ಈ ಅರವತ್ತರಲ್ಲಿ.

ಸ್ಕೇಲ್ ಅಂದರೆ ಮಕ್ಕಳಿಗೆ ಬೇಸರ. ನಮ್ಮ ಮನೆಯಲ್ಲಿ ಆ ಬೇಸರ ಮುರಿದದ್ದು ಅತ್ತೆಯಿಂದ. ಮಗಳು ಮೈನರ್ ಸ್ಕೇಲ್ ನುಡಿಸುತ್ತಿದ್ದಾಗ ಒಳಗಿನಿಂದ, 'ಅದು ಕೀರವಾಣಿ ಅಲ್ವೇನೆ?' ಅಂದರು. ಹೌದು, ಹಾರ್ಮೋನಿಕ್ ಮೈನರ್‌ನ ಸ್ವರಗಳು ಕೀರವಾಣಿ ರಾಗದವೇ. ಮೇಜರ್ ಸ್ಕೇಲ್ ಶಂಕರಾಭರಣ, ನ್ಯಾಚುರಲ್ ಮೈನರ್ ನಠಭೈರವಿ. ಮೆಲಾಡಿಕ್ ಮೈನರ್ ಹತ್ತುವಾಗ ಗೌರಿಮನೋಹರಿ, ಇಳಿಯುವಾಗ ನಠಭೈರವಿ. ಪಿಯಾನೊದಲ್ಲಿ ಗಮಕವಿಲ್ಲ, ರಾಗ ಅಲ್ಲಿ ರಾಗವಾಗುವುದಿಲ್ಲ, ನಿಜ. ಆದರೆ ಶುದ್ಧ ಧೈವತದಿಂದ ಕಾಕಲಿ ನಿಷಾದಕ್ಕೆ ಇರುವ ಆ ಅಗಲವಾದ ಹೆಜ್ಜೆ ಕಿವಿಯಲ್ಲಿ ಕೂತಿದ್ದರೆ ಬೆರಳು ತಪ್ಪಿದ್ದು ತಕ್ಷಣ ಗೊತ್ತಾಗುತ್ತದೆ. ಪುಸ್ತಕ ನೋಡಿ ಶಾರ್ಪ್ ಎಣಿಸುವ ಮಗುವಿಗೆ ಅದು ಗೊತ್ತಾಗುವುದು ಟೀಚರ್ ಹೇಳಿದ ಮೇಲೆ. ಬೆರಳಿನ ಕ್ರಮವನ್ನು ಮಾತ್ರ ಬೆರಳೇ ಕಲಿಯಬೇಕು. ಸಿ ಮೇಜರ್‌ನಲ್ಲಿ ಬಲಗೈ ಹತ್ತುವಾಗ ಮೂರನೇ ಬೆರಳಾದ ಮೇಲೆ ಹೆಬ್ಬೆರಳು ಅಡಿಯಿಂದ ನುಸುಳುತ್ತದೆ, ಎಫ್ ಮೇಜರ್‌ನಲ್ಲಿ ನಾಲ್ಕನೆಯದಾದ ಮೇಲೆ. ಇದಕ್ಕೆ ನಿಧಾನವಾಗಿ ದಿನವೂ ಐದು ನಿಮಿಷ ನುಡಿಸುವುದನ್ನು ಬಿಟ್ಟು ಬೇರೆ ದಾರಿ ನನಗೆ ಕಂಡಿಲ್ಲ.

ಪಾಶ್ಚಾತ್ಯ, ಕರ್ನಾಟಕ ಎಂಬ ಈ ಎರಡು ಸಂಗೀತಗಳೂ ಒಂದೇ ಮನೆಯಲ್ಲಿ ಬಾಳಿದ ದೊಡ್ಡ ಉದಾಹರಣೆ ನಮ್ಮ ಮೈಸೂರಿನದೇ. ಮಹಾರಾಜ ಜಯಚಾಮರಾಜ ಒಡೆಯರ್ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪಡೆದವರು, 1945ರಲ್ಲಿ ಟ್ರಿನಿಟಿ ಕಾಲೇಜಿನ ಗೌರವ ಫೆಲೋ ಆದವರು. ರಷ್ಯಾದ ನಿಕೊಲಾಯ್ ಮೆಟ್ನರ್ ತಮ್ಮ ಮೂರನೇ ಪಿಯಾನೊ ಕಾನ್ಸರ್ಟೊವನ್ನು ಅರ್ಪಿಸಿದ್ದು ಅವರಿಗೆ. ಅದೇ ಮಹಾರಾಜರು ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದರು.

ಆರಲ್ ಟೆಸ್ಟ್‌ನಲ್ಲಿ ನಮ್ಮ ಮಕ್ಕಳು ಸೋಲುವುದು ನಾಚಿಕೆಯಿಂದ. ಪರೀಕ್ಷಕರು ನುಡಿಸಿದ್ದನ್ನು ಹಾಡಿ ತೋರಿಸಬೇಕು. ಕಂಠ ಹೇಗಿದೆ ಎಂದು ಅಲ್ಲಿ ಯಾರೂ ನೋಡುವುದಿಲ್ಲ, ಶ್ರುತಿ ಸರಿಯಿದ್ದರೆ ಸಾಕು. ಗುನುಗಬಹುದು, ಸಿಳ್ಳೆಯನ್ನೂ ಹಾಕಬಹುದು. ಮೊದಲ ಗ್ರೇಡ್‌ನಲ್ಲಿ ಪರೀಕ್ಷಕರು ನುಡಿಸುವುದಕ್ಕೆ ಚಪ್ಪಾಳೆ ತಟ್ಟಿ, ಅದು ಎರಡರ ನಡೆಯೋ ಮೂರರದೋ ಹೇಳಬೇಕು. ಪಾಠದ ಕೊನೆಯ ವಾರದಲ್ಲಿ ಕಲಿಸುವ ವಿಷಯವಲ್ಲ ಇದು. ಕಾರಿನಲ್ಲಿ ಹಾಡು ಬರುತ್ತಿರುವಾಗ ಭಾರ ಎಲ್ಲಿ ಬೀಳುತ್ತಿದೆ ಎಂದು ಕೇಳಿದರೆ ಅದೇ ತಯಾರಿ.

ಪ್ರಾಕ್ಟಿಕಲ್‌ನಿಂದ ಬೇರೆಯಾಗಿ ನಡೆಯುವ ಥಿಯರಿ ಪರೀಕ್ಷೆಯ ಬಗ್ಗೆ ನನಗೆ ನಿಜವಾದ ಕಳವಳವಿದೆ. ಆರನೇ ಗ್ರೇಡ್‌ಗೆ ಹೋಗಲು ಸಾಮಾನ್ಯವಾಗಿ ಐದನೇ ಗ್ರೇಡ್ ಥಿಯರಿ ಪಾಸಾಗಿರಬೇಕು. ಹಾಗಾಗಿ ನಾಲ್ಕು ವರ್ಷ ಮುಟ್ಟದ ಪುಸ್ತಕವನ್ನು ಬೇಸಿಗೆ ರಜೆಯ ಎರಡು ತಿಂಗಳಲ್ಲಿ ಮಕ್ಕಳು ಗಟ್ಟು ಹೊಡೆಯುತ್ತಾರೆ. ಕಾಗದದ ಮೇಲೆ ಬರೆಯುತ್ತಿದ್ದ ಕಾಲದಲ್ಲಿ ಬಹಳ ವರ್ಷ ಐದನೇ ಗ್ರೇಡ್‌ನ ಅಭ್ಯರ್ಥಿ ತಾನೇ ಒಂದು ಪುಟ್ಟ ಧುನ್ ರಚಿಸಬೇಕಿತ್ತು. 2020ರಿಂದ ಮೊದಲ ಐದು ಗ್ರೇಡ್‌ಗಳ ಥಿಯರಿ ಆನ್‌ಲೈನ್ ಆಗಿದೆ, 75 ಅಂಕಕ್ಕೆ 50 ಬಂದರೆ ಪಾಸು. ಕಂಪ್ಯೂಟರ್ ಪರದೆಯಲ್ಲಿ ಉತ್ತರ ಆರಿಸಿ ಒತ್ತುವ ಮಗುವಿಗೆ, ತಾನು ಒತ್ತಿದ ಉತ್ತರ ಕಿವಿಗೆ ಹೇಗೆ ಕೇಳುತ್ತದೆ ಎಂಬುದೇ ತಿಳಿಯದೆ ಇರಬಹುದು. ಪರ್ಫೆಕ್ಟ್ ಕೇಡೆನ್ಸ್ ಎಂದು ಗುರುತು ಹಾಕಿದ ಕೂಡಲೇ ಎದ್ದುಹೋಗಿ ಪಿಯಾನೊ ಮೇಲೆ ಆ ಎರಡು ಕಾರ್ಡ್‌ಗಳನ್ನು ಒತ್ತಿ ಕೇಳಬೇಕು, ವಾಕ್ಯ ಮುಗಿದು ಪೂರ್ಣವಿರಾಮ ಬಿದ್ದಂತೆ ಅದು ನಿಲ್ಲುವುದನ್ನು ಕೇಳಬೇಕು. 5/8, 7/8 ತಾಳಗಳು ಬಂದಾಗಲೂ ಹಾಗೆಯೇ. ಪುಸ್ತಕ ಇವನ್ನು ವಿಚಿತ್ರ ಎಂಬಂತೆ ಕೊನೆಗೆ ಇಟ್ಟಿರುತ್ತದೆ. ತಕಿಟ ತಕಧಿಮಿ ಎಂದು ಮಿಶ್ರಚಾಪು ತಟ್ಟಿದ ಕೈಗೆ ಅದರಲ್ಲಿ ಹೊಸದೇನೂ ಇಲ್ಲ.

ವಿಡಿಯೊ ಕಳಿಸಿ ಪಾಸಾಗುವ ಪರ್ಫಾರ್ಮೆನ್ಸ್ ಗ್ರೇಡ್ ಕೂಡ 2020ರಲ್ಲೇ ಬಂತು. ನಾಲ್ಕು ಪೀಸ್‌ಗಳನ್ನು ನಡುವೆ ಕತ್ತರಿಸದೆ ಒಂದೇ ಓಟದಲ್ಲಿ ನುಡಿಸಬೇಕು. ಸ್ಕೇಲ್, ಸೈಟ್ ರೀಡಿಂಗ್, ಆರಲ್ ಇಲ್ಲ. ಏಳೆಂಟನೇ ಗ್ರೇಡ್‌ನಲ್ಲಿ ಕಛೇರಿ ಕೊಡುವ ಆಸೆಯಿರುವವರಿಗೆ ಅದು ಒಳ್ಳೆಯದು. ಎಂಟು ವರ್ಷದ ಮಗುವಿಗೆ ಅದನ್ನು ಆರಿಸಬೇಡಿ ಎಂದು ನನ್ನನ್ನು ಕೇಳುವ ತಾಯಂದಿರಿಗೆಲ್ಲ ಹೇಳುತ್ತೇನೆ.

ಇನ್ನೊಂದು ಮಾತು. ಅಪಾರ್ಟ್‌ಮೆಂಟಿನಲ್ಲಿ ಕೀಬೋರ್ಡ್ ಮೇಲೆ ಕಲಿತ ಮಗು ನಿಜವಾದ ಪಿಯಾನೊದ ಭಾರವಾದ ಕೀಲಿಯನ್ನು ಮೊದಲ ಬಾರಿ ಪರೀಕ್ಷೆಯ ಕೋಣೆಯಲ್ಲೇ ಮುಟ್ಟುವುದುಂಟು. ಅದಕ್ಕೂ ಮೊದಲು ಎರಡು ಬೇರೆ ಬೇರೆ ಪಿಯಾನೊಗಳ ಮೇಲಾದರೂ ಕೂರಿಸಿ.

ಎರಡನೇ ಗ್ರೇಡ್‌ನ ವರ್ಷ ನಾವು ಹಳೆಯ ಪುಸ್ತಕದಂಗಡಿಯಿಂದ ಸುಲಭದ ಪಿಯಾನೊ ಪುಸ್ತಕಗಳನ್ನು ತಂದು ರಾಶಿ ಹಾಕಿದೆವು. ರಾತ್ರಿ ಊಟಕ್ಕೆ ಮೊದಲು ಒಂದು ಹೊಸ ಪುಟ. ಒಂದೇ ಬಾರಿ, ತಪ್ಪಿದರೂ ನಿಲ್ಲುವಂತಿಲ್ಲ, ಹಿಂದಕ್ಕೆ ಹೋಗಿ ತಿದ್ದುವಂತಿಲ್ಲ. ಮೊದಲ ತಿಂಗಳು ಅವಳಿಗೆ ಅಳು ಬರುತ್ತಿತ್ತು, ತಪ್ಪನ್ನು ಹಾಗೇ ಬಿಟ್ಟು ಮುಂದೆ ಹೋಗುವುದು ಅವಳ ಸ್ವಭಾವಕ್ಕೆ ಒಗ್ಗದ್ದು. ದಸರೆ ಹೊತ್ತಿಗೆ ಊಟಕ್ಕೆ ಕರೆದರೂ ಏಳದೆ ಎರಡನೇ ಪುಟ ತಿರುವುತ್ತಿದ್ದಳು.

ಪರೀಕ್ಷೆಯ ದಿನ ಬಾಗಿಲಾಚೆ ಕೂತಿದ್ದ ನನಗೆ ಮೂರು ಪೀಸ್‌ಗಳೂ ಕೇಳಿಸಿದವು. ಸ್ವಲ್ಪ ಮೌನ. ಆಮೇಲೆ ನನಗೆ ಗೊತ್ತಿಲ್ಲದ ಯಾವುದೋ ಎರಡು ಸ್ವರಗಳು, ಮತ್ತೆ ಅವೇ ಎರಡು, ಕೈ ಜಾಗ ಬದಲಿಸುವ ಕಡೆ ಒತ್ತಿ ನೋಡುತ್ತಿದ್ದಾಳೆ ಎಂದು ಅರ್ಥವಾಯಿತು. ಹೊರಗೆ ಬಂದವಳು ಪೀಸ್‌ಗಳು ಹೇಗಾದವು ಎಂದು ಹೇಳಲೇ ಇಲ್ಲ. ಆಟೊದಲ್ಲಿ ಮನೆಯವರೆಗೂ ಆ ಹಾಳೆಯಲ್ಲಿದ್ದ ಧುನ್ ಗುನುಗುತ್ತಿದ್ದಳು.